ಬೀಜಕ್ಕೆ ಬಿಟ್ಟ ಕಾಯಿ ಬೆರಕೆಯಾಗದಿರಲು: ದೂರ, ಕಾಲ, ಬಟ್ಟೆಚೀಲ, ಕೈ ಪರಾಗಸ್ಪರ್ಶಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿರುವ ನಮ್ಮ ಹಿತ್ತಲು ಹತ್ತು ಗುಂಟೆಗೆ ಮೀರಿದ್ದಲ್ಲ. ಅದರ ಬೇಲಿಯಂಚಿನಲ್ಲಿ ಅಮ್ಮನ ಕಾಲದಿಂದ ಬಂದ ಸಿಹಿಗುಂಬಳದ ಒಂದು ತಳಿ ಇತ್ತು. ಕಾಯಿ ಚಪ್ಪಟೆ, ಮೈಮೇಲೆ ಆಳವಾದ ಏಣುಗಳು, ತಿರುಳು ಗಟ್ಟಿ; ಸಂಕ್ರಾಂತಿಯ ಹೊತ್ತಿಗೆ ಕೊಯ್ದು ಅಟ್ಟದ ಮೇಲೆ ಇಟ್ಟರೆ ಯುಗಾದಿ ದಾಟಿದ ಮೇಲೂ ಕೆಡದೆ ಉಳಿಯುತ್ತಿತ್ತು. ಒಂದು ವರ್ಷ ನಾನು ಸಂತೆಯಲ್ಲಿ ಕಂಡ ದುಂಡನೆಯ, ನುಣ್ಣನೆಯ ಮತ್ತೊಂದು ಕುಂಬಳದ ಬೀಜವನ್ನು ತಂದು ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಹಾಕಿದೆ. ಆ ವರ್ಷ ಎರಡೂ ಬಳ್ಳಿಗಳು ತಮ್ಮ ತಮ್ಮ ಕಾಯಿಯನ್ನೇ ಕೊಟ್ಟಿದ್ದರಿಂದ ಏನೂ ಕೆಡಲಿಲ್ಲವೆಂದು ನಂಬಿ, ಅಮ್ಮನ ತಳಿಯ ಕಾಯಿಯಿಂದಲೇ ಬೀಜ ತೆಗೆದು ಒಣಗಿಸಿದೆ. ಮರುವರ್ಷ ಆ ಬೀಜದಿಂದ ಎದ್ದ ಎಂಟು ಬಳ್ಳಿಗಳಲ್ಲಿ ಒಂದರ ಕಾಯಿ ಇನ್ನೊಂದರ ಕಾಯಿಯನ್ನು ಹೋಲಲಿಲ್ಲ. ಬಹುಪಾಲು ನೀರುನೀರಾಗಿದ್ದು, ಅಟ್ಟಕ್ಕೇರಿಸಿದ ತಿಂಗಳೊಳಗೆ ಕೊಳೆತವು. ಹಳೆಯ ಬೀಜವನ್ನು ಒಂದು ಕಾಳೂ ಉಳಿಸದೆ ಬಿತ್ತಿದ್ದೆ.

ಒಂದೇ ತರಕಾರಿಯ ಎರಡು ತಳಿಗಳನ್ನು ಬೆಳೆದು, ಅವುಗಳ ಬೀಜವನ್ನು ತಾವೇ ಎತ್ತಿಟ್ಟುಕೊಳ್ಳಬೇಕೆನ್ನುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಬೆರಕೆ ತಡೆಯುವ ದಾರಿಗಳು ಹಲವಿವೆ: ತಳಿಗಳ ನಡುವೆ ದೂರ ಬಿಡುವುದು, ಹೂ ಬಿಡುವ ಕಾಲವನ್ನು ಬೇರೆ ಮಾಡುವುದು, ಹೂವಿಗೆ ಚೀಲ ಕಟ್ಟುವುದು ಅಥವಾ ಗಿಡಕ್ಕೆ ಪರದೆ ಹೊದಿಸುವುದು, ಕೈಯಿಂದಲೇ ಪರಾಗಸ್ಪರ್ಶ ಮಾಡುವುದು, ವರ್ಷಕ್ಕೊಂದು ತಳಿಯಂತೆ ಸರದಿ ಮಾಡಿಕೊಳ್ಳುವುದು. ಸಾಮಾನ್ಯವಾಗಿ ಮೊದಲು ಸಿಗುವ ಸಲಹೆ ಇಷ್ಟು ಮೀಟರ್ ದೂರ ಬಿಡಿ ಎಂಬುದು. ನನ್ನ ಅಭಿಪ್ರಾಯದಲ್ಲಿ ಹಿತ್ತಲಿನ ಬೇಸಾಯಗಾರನಿಗೆ ಬಹಳಷ್ಟು ತರಕಾರಿಗಳಲ್ಲಿ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವ ಸಲಹೆ ಅದೇ. ಯಾವ ದಾರಿ ಹಿಡಿಯಬೇಕೆಂಬುದನ್ನು ಹೂವಿನ ರಚನೆ ಮತ್ತು ನಿಮ್ಮ ಜಾಗದ ಅಳತೆ ಎರಡನ್ನೂ ಕೂಡಿಸಿ ನೋಡಿ ತೀರ್ಮಾನಿಸಬೇಕು.

ಈ ಚಿಂತೆ ಯಾರಿಗೆ ಬೇಕಿಲ್ಲ

ಗಡ್ಡೆಯಿಂದಲೋ ಕಾಂಡದ ತುಂಡಿನಿಂದಲೋ ಬೆಳೆಯುವ ಬೆಳೆಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಹಾಸನದ ಆಲೂಗಡ್ಡೆ, ನಮ್ಮ ಕಡೆಯ ಶುಂಠಿ, ಕೆಸು, ಸಿಹಿಗೆಣಸು, ತುಂಡು ನೆಟ್ಟು ಬೆಳೆಸುವ ತೊಂಡೆ ಮತ್ತು ಬಸಳೆ, ಇವು ಪಕ್ಕದಲ್ಲಿ ಯಾವ ತಳಿ ಹೂ ಬಿಟ್ಟರೂ ತಾಯಿಯಂತೆಯೇ ಇರುತ್ತವೆ. ಎರಡನೆಯದಾಗಿ, ಹೈಬ್ರಿಡ್ ಬೀಜವನ್ನು, ಅಂದರೆ ಎರಡು ತಳಿಗಳನ್ನು ಬೇಕೆಂದೇ ಕೂಡಿಸಿ ಪಡೆದ ಬೀಜವನ್ನು ಬಿತ್ತಿದವರು ಬೆರಕೆ ತಡೆಯಲು ಶ್ರಮಪಡುವುದರಲ್ಲಿ ಅರ್ಥವಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೇಟೊ ಹೈಬ್ರಿಡ್ ಆಗಿರುವುದರಿಂದ ಅದಕ್ಕೆ ಎಷ್ಟೇ ಕಾವಲು ಕಾದರೂ ಅದರ ಬೀಜದ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ. ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ಹೈಬ್ರಿಡ್ ಅಲ್ಲದ ತಳಿಯಾದ್ದರಿಂದ ಅದನ್ನು ಶುದ್ಧವಾಗಿ ಉಳಿಸಿಕೊಳ್ಳಬಹುದು. ಬೀಜದ ಪೊಟ್ಟಣದ ಮೇಲೆ ಹೈಬ್ರಿಡ್ ಎಂದೋ ಎಫ್-1 ಎಂದೋ ಬರೆದಿದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಮೂರನೆಯದಾಗಿ, ತಿನ್ನಲು ಮಾತ್ರ ಬೆಳೆಯುವವರು ನಿಶ್ಚಿಂತೆಯಿಂದಿರಬಹುದು. ಸೌತೆಯ ಪಕ್ಕದಲ್ಲಿ ಹಾಗಲ ಹಾಕಿದರೆ ಸೌತೆ ಕಹಿಯಾಗುತ್ತದೆ ಎಂಬ ಮಾತನ್ನು ನಮ್ಮ ಊರುಗಳಲ್ಲಿ ಈಗಲೂ ಹೇಳುತ್ತಾರೆ. ಅವೆರಡೂ ಬೇರೆ ಬೇರೆ ಕುಲದ ಬಳ್ಳಿಗಳಾದ್ದರಿಂದ ಅವುಗಳ ನಡುವೆ ಬೆರಕೆ ಸಾಧ್ಯವೇ ಇಲ್ಲ; ಸೌತೆಯ ಕಹಿಗೆ ತಳಿಯ ಗುಣ, ಬಿಸಿಲಿನ ತಾಪ, ನೀರಿನ ಕೊರತೆ ಮುಂತಾದ ಕಾರಣಗಳಿರುತ್ತವೆ. ಇನ್ನು ಒಂದೇ ಜಾತಿಯೊಳಗೆ ಬೆರಕೆಯಾದಾಗಲೂ ಈ ವರ್ಷದ ಕಾಯಿ ಬದಲಾಗುವುದಿಲ್ಲ, ಏಕೆಂದರೆ ಸಿಪ್ಪೆಯೂ ತಿರುಳೂ ತಾಯಿಬಳ್ಳಿಯದೇ ಮೈ. ಬೀಜದೊಳಗಿರುವ ಮೊಳಕೆ ಮಾತ್ರ ಎರಡು ತಳಿಗಳ ಕೂಸು. ನಾನು ಮೋಸಹೋದದ್ದು ಇಲ್ಲಿಯೇ: ಕಾಯಿ ಸರಿಯಾಗಿದೆಯೆಂದು ನೋಡಿ ಬೀಜವೂ ಸರಿಯಾಗಿರಬೇಕೆಂದುಕೊಂಡೆ.

ಮುಸುಕಿನ ಜೋಳ ಮಾತ್ರ ಇದಕ್ಕೆ ಹೊರತು. ಅದರಲ್ಲಿ ನಾವು ತಿನ್ನುವುದೇ ಬೀಜವನ್ನಾದ್ದರಿಂದ, ಹೊಲದ ಜೋಳದ ಪರಾಗ ಗಾಳಿಯಲ್ಲಿ ಹಾರಿಬಂದು ಸಿಹಿ ಜೋಳದ ತೆನೆಗೆ ತಾಗಿದರೆ ಅದೇ ತೆನೆಯ ಕಾಳುಗಳು ಸಿಹಿ ಕಳೆದುಕೊಂಡು ಹಿಟ್ಟುಹಿಟ್ಟಾಗುತ್ತವೆ.

ಮೊದಲು ಹೂವನ್ನು ಅರಿತುಕೊಳ್ಳಬೇಕು

ಕಾಫಿ ಸೀಮೆಯವರಿಗೆ ಈ ವಿಷಯವನ್ನು ವಿವರಿಸುವುದು ಸುಲಭ. ಅರೇಬಿಕಾದ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ತರಕಾರಿಗಳಲ್ಲೂ ಇಂಥದೇ ಭೇದವಿದ್ದು, ನಡುವೆ ಮತ್ತೊಂದು ಗುಂಪೂ ಇದೆ. ಟೊಮೇಟೊ, ಬೀನ್ಸ್, ಬಟಾಣಿ, ಅಲಸಂದೆಗಳು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದಿಂದ ಬೀಜ ಕಟ್ಟುತ್ತವೆ. ಬೀನ್ಸಿನ ಹೂವಂತೂ ಅರಳುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ. ಬದನೆ, ಮೆಣಸಿನಕಾಯಿ, ಬೆಂಡೆಗಳು ತಮ್ಮ ಪರಾಗದಿಂದಲೇ ಬೀಜ ಕಟ್ಟಬಲ್ಲವಾದರೂ ಜೇನು ಮತ್ತು ದುಂಬಿಗಳು ಬಂದರೆ ಬೆರಕೆಗೂ ಒಳಗಾಗುತ್ತವೆ. ಕುಂಬಳ, ಸೋರೆ, ಹೀರೆ, ಸೌತೆ, ಹಾಗಲಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ ಇರುವುದರಿಂದ ಕೀಟ ಬಾರದೆ ಕಾಯಿಯೇ ನಿಲ್ಲದು. ಮೂಲಂಗಿಯು ರೊಬಸ್ಟಾದಂತೆ ಬೇರೆ ಗಿಡದ ಪರಾಗವನ್ನೇ ಬೇಡುತ್ತದೆ. ಮುಸುಕಿನ ಜೋಳ ಮತ್ತು ಪಾಲಕ್ ಗಾಳಿಯನ್ನು ನಂಬಿವೆ.

ನಮ್ಮ ಮಲೆನಾಡಿನ ಸೆರಗಿನಲ್ಲಿ ಕೀಟಗಳ ಸಂಚಾರ ಹೆಚ್ಚು ಎಂಬುದನ್ನೂ ಮರೆಯಬಾರದು. ಮನೆಯ ಗೋಡೆಯ ಬಿರುಕಿನಲ್ಲಿ ಮುಜಂಟಿ ಜೇನು, ಪೆಟ್ಟಿಗೆಯಲ್ಲಿ ತುಡುವೆ ಜೇನು, ತೋಟದ ಎತ್ತರದ ಮರಗಳಲ್ಲಿ ಹೆಜ್ಜೇನು, ಒಣಮರದಲ್ಲಿ ತೂತು ಕೊರೆಯುವ ಕಪ್ಪು ದುಂಬಿ, ಇವೆಲ್ಲ ಇರುವ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಹಿತ್ತಲಿನಲ್ಲಿ ಬೆರಕೆಯ ಸಂಭವವನ್ನು ಕಡಿಮೆಯೆಂದು ಎಣಿಸುವಂತಿಲ್ಲ.

ದೂರ ಬಿಡುವುದು

ಭಾರತದ ಬೀಜ ಪ್ರಮಾಣೀಕರಣದ ಮಾನದಂಡಗಳಲ್ಲಿ ಪ್ರಮಾಣಿತ ಬೀಜಕ್ಕಾಗಿ ಟೊಮೇಟೊಗೆ 25 ಮೀಟರ್, ಬದನೆಗೆ 100 ಮೀಟರ್, ಮೆಣಸಿನಕಾಯಿ ಮತ್ತು ಬೆಂಡೆಗೆ 200 ಮೀಟರ್ ಅಂತರವನ್ನು ಹೇಳಿದ್ದಾರೆ. ಪ್ರಮಾಣಿತ ಬೀಜವನ್ನು ಬೆಳೆಸಲು ಬಳಸುವ ಮೂಲ ಬೀಜಕ್ಕೆ ಇದರ ಎರಡರಷ್ಟು. ಬಳ್ಳಿ ತರಕಾರಿಗಳಿಗೆ ಕನಿಷ್ಠ 500 ಮೀಟರ್ ಬೇಕು. ಕಾಗದದ ಮೇಲೆ ಇವು ಸಣ್ಣ ಸಂಖ್ಯೆಗಳಂತೆ ತೋರುತ್ತವೆ. ಆದರೆ ಒಂದು ಎಕರೆ ಜಮೀನು ಚೌಕವಾಗಿದ್ದರೆ ಅದರ ಒಂದು ಬದಿ ಸುಮಾರು 64 ಮೀಟರ್ ಮಾತ್ರ. ಒಂದು ಕುಂಬಳದ ಬಳ್ಳಿಯನ್ನು ನಡುವೆ ಇಟ್ಟು ಸುತ್ತ 500 ಮೀಟರ್ ಬಿಡಬೇಕೆಂದರೆ ಸುಮಾರು 194 ಎಕರೆಯಲ್ಲಿ ಬೇರೆ ತಳಿಯ ಕುಂಬಳ ಇರಕೂಡದು. ನಿಮ್ಮ ಜಮೀನು ಎಷ್ಟೇ ಇದ್ದರೂ ಬೇಲಿಯಾಚೆಯ ಮನೆಯವರ ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಒಂದು ಬಳ್ಳಿ ಸಾಕು, ಆ ಲೆಕ್ಕ ಕೆಡುತ್ತದೆ. ಆದ್ದರಿಂದ ಬಳ್ಳಿ ತರಕಾರಿಗಳ ವಿಷಯದಲ್ಲಿ ದೂರವನ್ನು ನೆಚ್ಚಿಕೊಳ್ಳಬೇಡಿರೆಂದು ಖಂಡಿತವಾಗಿ ಹೇಳುತ್ತೇನೆ. ಕಾಡಿನ ನಡುವಿನ ಒಂಟಿಮನೆಯವರಿಗೆ ಮಾತ್ರ ಅದು ಒದಗುತ್ತದೆ.

ಇದಕ್ಕೆ ವಿರುದ್ಧವಾಗಿ ಟೊಮೇಟೊ, ಬೀನ್ಸ್, ಬಟಾಣಿ, ಅಲಸಂದೆಗಳಲ್ಲಿ ದೂರವೇ ಅತ್ಯಂತ ಸರಳವಾದ ದಾರಿ. ಮನೆ ಬಳಕೆಯ ಬೀಜಕ್ಕೆ ಹಿತ್ತಲಿನ ಈ ತುದಿಗೊಂದು ತಳಿ, ಆ ತುದಿಗೊಂದು ತಳಿ ಹಾಕಿ, ನಡುವೆ ಚೆಂಡುಹೂವೋ ತೊಗರಿಯೋ ಬೆಳೆದರೆ ಸಾಕು. ದುಂಬಿಯು ನಡುವಿನ ಹೂವಿನಲ್ಲಿ ತಂಗುತ್ತದೆ, ಬೀಜವನ್ನು ಸಾಲಿನ ದೂರದ ತುದಿಯ ಗಿಡಗಳಿಂದ ತೆಗೆಯಬೇಕು. ಟೊಮೇಟೊದಲ್ಲಿ ಒಂದೇ ಎಚ್ಚರಿಕೆ: ಹೂವಿನ ಹಳದಿ ಶಂಕುವಿನ ತುದಿಯಿಂದ ಶಲಾಕಾಗ್ರವು, ಅಂದರೆ ಪರಾಗ ಹಿಡಿಯುವ ಹೆಣ್ಣುಭಾಗದ ತುದಿಯು, ಹೊರಗೆ ಚಾಚಿರುವ ತಳಿಗಳಿವೆ. ಕೆಲವು ಹಳೆಯ ತಳಿಗಳಲ್ಲಿಯೂ ಗೊಂಚಲು ಗೊಂಚಲಾಗಿ ಬಿಡುವ ಚಿಕ್ಕ ಟೊಮೇಟೊಗಳಲ್ಲಿಯೂ ಇದು ಕಾಣುತ್ತದೆ. ಅಂಥದಾದರೆ ಒಂದು ಗೊಂಚಲಿಗೆ ಚೀಲ ಕಟ್ಟಿಬಿಡಿ.

ಕಾಲವನ್ನು ಬೇರೆ ಮಾಡುವುದು

ಒಂದು ತಳಿ ಹೂ ಮುಗಿಸಿದ ಮೇಲೆ ಇನ್ನೊಂದು ಹೂ ಬಿಡುವಂತೆ ಬಿತ್ತನೆಯನ್ನು ಹಿಂದುಮುಂದು ಮಾಡುವ ಈ ದಾರಿ ಮುಸುಕಿನ ಜೋಳಕ್ಕೆ ಹೇಳಿ ಮಾಡಿಸಿದಂತಿದೆ. ಹಾಸನ ಜಿಲ್ಲೆಯಲ್ಲಿ ಹೊಲದ ಮುಸುಕಿನ ಜೋಳವನ್ನು ಮುಂಗಾರಿನಲ್ಲಿ ಬಿತ್ತುತ್ತಾರೆ. ಬಾವಿಯ ನೀರಿದ್ದವರು ಜನವರಿಯಲ್ಲಿ ಸಿಹಿ ಜೋಳ ಬಿತ್ತಿದರೆ ಸುತ್ತಲಿನ ಪರಾಗದ ಭಯವಿಲ್ಲ. ಸುತ್ತಮುತ್ತ ನೀರಾವರಿಯ ಜೋಳವಿದ್ದಲ್ಲಿ ಎರಡರ ಹೂಗಳ ನಡುವೆ ಮೂರು-ನಾಲ್ಕು ವಾರಗಳ ಅಂತರ ಬರುವಂತೆ ನೋಡಿಕೊಳ್ಳಬೇಕು. ಆದರೆ ಜೋಳದ ತಳಿಯನ್ನು ವರ್ಷದಿಂದ ವರ್ಷಕ್ಕೆ ಬೀಜಕ್ಕಾಗಿ ಉಳಿಸಿಕೊಳ್ಳಲು ನೂರಕ್ಕೂ ಹೆಚ್ಚು ಗಿಡಗಳು ಬೇಕು, ಇಲ್ಲದಿದ್ದರೆ ತಳಿ ಸೊರಗುತ್ತದೆ. ಹಿತ್ತಲಿನಲ್ಲಿ ಅದನ್ನು ಕೈಗೊಳ್ಳದಿರುವುದೇ ಸರಿ.

ಬಳ್ಳಿಗಳಲ್ಲಿಯೂ ಮೆಣಸಿನಕಾಯಿ, ಬದನೆಗಳಲ್ಲಿಯೂ ಈ ದಾರಿ ನಿಲ್ಲದು, ಏಕೆಂದರೆ ಅವು ತಿಂಗಳುಗಟ್ಟಲೆ ಹೂ ಬಿಡುತ್ತಲೇ ಇರುತ್ತವೆ. ಮಲೆನಾಡಿನಲ್ಲಿ ಬಿತ್ತನೆಯ ದಿನವನ್ನು ನಿಶ್ಚಯಿಸುವುದು ನಾವಲ್ಲ, ಮಳೆ.

ಅವರೆಯ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. ನಮ್ಮ ನಾಟಿ ಸೊಗಡವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಬೆಳೆ. ಒಂದು ತಳಿಯನ್ನು ಜೂನ್ ತಿಂಗಳಲ್ಲಿಯೂ ಇನ್ನೊಂದನ್ನು ಆಗಸ್ಟಿನಲ್ಲಿಯೂ ಬಿತ್ತಿ ಕಾಲ ಬೇರೆ ಮಾಡಿದೆವೆಂದು ಸಮಾಧಾನಪಟ್ಟುಕೊಂಡರೆ, ಚಳಿ ಶುರುವಾಗುವ ಹೊತ್ತಿಗೆ ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ಹೂವಾಗಿ ನಿಂತಿರುತ್ತವೆ. ಹೆಬ್ಬಾಳದ ಅವರೆ ತಳಿಗಳಾದ ಎಚ್‌ಎ-3, ಎಚ್‌ಎ-4 ಹಗಲಿನ ಉದ್ದವನ್ನು ಲೆಕ್ಕಿಸದೆ ಬಿತ್ತಿದ ಇಷ್ಟು ದಿನಕ್ಕೆ ಹೂ ಬಿಡುವಂಥವು. ಆದ್ದರಿಂದ ಒಂದು ನಾಟಿ ಅವರೆ, ಒಂದು ಹೆಬ್ಬಾಳದ ಅವರೆ ಇಟ್ಟುಕೊಂಡವರು ಎರಡನೆಯದನ್ನು ಬೇಸಿಗೆಗೆ ಸರಿಸಿ ಕಾಲದ ದಾರಿಯನ್ನು ಬಳಸಬಹುದು; ಎರಡೂ ನಾಟಿಯಾದರೆ ಅದು ಆಗದು. ಅವರೆ ಬಹುಪಾಲು ತನ್ನದೇ ಪರಾಗದಿಂದ ಬೀಜ ಕಟ್ಟುವುದರಿಂದ ಹೆಚ್ಚು ಗಾಬರಿಯಾಗಬೇಕಿಲ್ಲ. ಆದರೂ ಕಪ್ಪು ದುಂಬಿಗಳು ಅದರ ಹೂವನ್ನು ಬಹಳ ಇಷ್ಟಪಡುತ್ತವೆ. ಬೀಜಕ್ಕೆ ಬೇಕಾದ ನಾಲ್ಕಾರು ಗೊಂಚಲುಗಳಿಗೆ ಮೊಗ್ಗಿನಲ್ಲೇ ಚೀಲ ಕಟ್ಟುವುದು ನನ್ನ ಅಭ್ಯಾಸ.

ಚೀಲ ಮತ್ತು ಪರದೆ

ಮೆಣಸಿನಕಾಯಿ ಮತ್ತು ಬದನೆಗೆ ಇದಕ್ಕಿಂತ ಉತ್ತಮವಾದ ದಾರಿಯನ್ನು ನಾನು ಕಂಡಿಲ್ಲ. ಮೆಣಸಿನಕಾಯಿಯಲ್ಲಿ ಬೆರಕೆಯ ಪರಿಣಾಮವೂ ಬೇಗ ನಾಲಿಗೆಗೆ ತಿಳಿಯುತ್ತದೆ. ದಪ್ಪ ಮೆಣಸಿನಕಾಯಿಯೂ ಬ್ಯಾಡಗಿಯೂ ಒಂದೇ ಜಾತಿ, ಮತ್ತು ಖಾರದ ಗುಣ ಪ್ರಬಲವಾದುದು. ಪಕ್ಕದಲ್ಲಿ ಖಾರದ ಗಿಡವಿದ್ದು ಅದರ ಪರಾಗ ದಪ್ಪ ಮೆಣಸಿನಕಾಯಿಯ ಹೂವಿಗೆ ಬಿದ್ದರೆ, ಈ ವರ್ಷದ ಕಾಯಿ ಸಪ್ಪೆಯಾಗಿಯೇ ಇದ್ದು, ಅದರ ಬೀಜದಿಂದ ಮರುವರ್ಷ ಹುಟ್ಟುವ ಗಿಡದ ಕಾಯಿ ಖಾರವಾಗುತ್ತದೆ.

ಸಮಾರಂಭಗಳಲ್ಲಿ ಉಡುಗೊರೆ ತುಂಬಿಸಿ ಕೊಡುವ, ದಾರ ಎಳೆದರೆ ಬಾಯಿ ಮುಚ್ಚುವ ತೆಳುಬಟ್ಟೆಯ ಚೀಲಗಳು ಇದಕ್ಕೆ ಸೊಗಸಾಗಿ ಹೊಂದುತ್ತವೆ. ಹಳೆಯ ಸೊಳ್ಳೆಪರದೆಯನ್ನು ಹೊಲಿದೂ ಚೀಲ ಮಾಡಿಕೊಳ್ಳಬಹುದು. ಅದರ ಕಣ್ಣಿನಲ್ಲಿ ಮುಜಂಟಿ ಜೇನು ಕೂಡ ತೂರಲಾರದು. ಒಂದು ಕೊಂಬೆಯನ್ನು ಆರಿಸಿಕೊಂಡು, ಈಗಾಗಲೇ ಅರಳಿದ ಹೂಗಳನ್ನೂ ಕಚ್ಚಿದ ಕಾಯಿಗಳನ್ನೂ ಚಿವುಟಿ, ಮೊಗ್ಗುಗಳನ್ನು ಮಾತ್ರ ಉಳಿಸಿ ಚೀಲ ತೊಡಿಸಬೇಕು. ಕೊಂಬೆಯ ಬುಡದಲ್ಲಿ ಸ್ವಲ್ಪ ಹತ್ತಿ ಸುತ್ತಿ ಬಾಯಿ ಕಟ್ಟಿದರೆ ಇರುವೆ ನುಗ್ಗುವುದಿಲ್ಲ. ದಿನವೂ ಬೆಳಗ್ಗೆ ಕೊಂಬೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಜೇನು ಮಾಡುತ್ತಿದ್ದ ಅಲುಗಾಟವನ್ನು ನಾವು ಮಾಡದಿದ್ದರೆ ಹೂ ಉದುರುವುದೇ ಹೆಚ್ಚು. ಕಾಯಿ ಬಟಾಣಿಯಷ್ಟಾದಾಗ ಚೀಲ ಬಿಚ್ಚಿ, ಆ ಕಾಯಿಗಳ ತೊಟ್ಟಿಗೆ ಬಣ್ಣದ ದಾರ ಕಟ್ಟಿ, ಹಣ್ಣಾಗುವವರೆಗೆ ಯಾರೂ ಕೀಳದಂತೆ ಮನೆಯವರಿಗೆಲ್ಲ ಹೇಳಿಡಬೇಕು. ಬದನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಶಲಾಕೆ (ಹೆಣ್ಣುಭಾಗದ ಕಡ್ಡಿ) ಕುಳ್ಳಾಗಿ, ಪರಾಗ ಹೊತ್ತ ಕೇಸರಗಳ ಒಳಗೆ ಅಡಗಿರುವ ಹೂಗಳು ಹೇಗೂ ಕಾಯಿ ಕಚ್ಚದೆ ಉದುರುತ್ತವೆ, ಶಲಾಕೆ ಉದ್ದವಾಗಿ ಹೊರಚಾಚುವ ಹೂಗಳಿರುವ ಗೊಂಚಲನ್ನೇ ಆರಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ಚೀಲದ ಕೆಲಸಕ್ಕೆ ಕೈ ಹಾಕಬಾರದು. ಕಾಗದದ ಚೀಲ ಒಂದೇ ದಿನದಲ್ಲಿ ಮುದ್ದೆಯಾಗುತ್ತದೆ, ಬಟ್ಟೆಯ ಚೀಲದೊಳಗೆ ಹೂವು ಬೂಷ್ಟು ಹಿಡಿಯುತ್ತದೆ. ಕಡೂರು, ಅರಸೀಕೆರೆಯ ಕಡೆಯ ಒಣಹವೆಯಲ್ಲಿ ಈ ತೊಂದರೆ ಅಷ್ಟಿಲ್ಲ. ನಮ್ಮಲ್ಲಿ ನವೆಂಬರ್‌ನಿಂದ ಫೆಬ್ರವರಿ ಪ್ರಶಸ್ತವಾದ ಕಾಲ.

ಬೆಂಡೆಗೆ ಚೀಲವೂ ಬೇಕಿಲ್ಲ. ಅದರ ಹೂವು ಒಂದೇ ದಿನದ್ದು, ಶಲಾಕೆಯೂ ಕೇಸರವೂ ಒಂದೇ ಕಂಬದಲ್ಲಿರುತ್ತವೆ. ಹಿಂದಿನ ಸಂಜೆ, ಮರುದಿನ ಅರಳಲಿರುವ ಮೊಗ್ಗಿನ ತುದಿಗೆ ನೂಲು ಸುತ್ತಿದರೆ ಅದು ಮುಚ್ಚಿದ ಬಾಯಿಯೊಳಗೇ ಬೀಜ ಕಟ್ಟಿಕೊಳ್ಳುತ್ತದೆ.

ಇಡೀ ಗಿಡಕ್ಕೆ ಪರದೆಯ ಗೂಡು ಮಾಡುವ ಪದ್ಧತಿಯೂ ಇದೆ. ಅದಕ್ಕೆ ಖರ್ಚು ಹೆಚ್ಚು. ಒಂದೇ ತಳಿಯ ಹತ್ತಾರು ಮೆಣಸಿನ ಗಿಡಗಳಿಂದ ಬೀಜ ಬೇಕಾದವರಿಗೆ ಮಾತ್ರ ಅದು ತಕ್ಕುದು. ಬಳ್ಳಿಗಳಿಗೂ ಮೂಲಂಗಿಗೂ ಪರದೆ ಹೊದಿಸಿ ಸುಮ್ಮನಾದರೆ ಕೀಟವಿಲ್ಲದೆ ಬೀಜವೇ ಕಟ್ಟುವುದಿಲ್ಲ.

ಕೈಯಿಂದ ಪರಾಗಸ್ಪರ್ಶ

ಕುಂಬಳ, ಸೋರೆ, ಹೀರೆ, ಸೌತೆಗಳ ಎರಡು ತಳಿಗಳನ್ನು ಒಂದೇ ಹಿತ್ತಲಿನಲ್ಲಿ ಇಟ್ಟುಕೊಳ್ಳಲೇಬೇಕೆನ್ನುವವರಿಗೆ ಇದೇ ದಾರಿ. ಖರ್ಚಿಲ್ಲ, ಒಂದು ಸಂಜೆಯ ಹತ್ತು ನಿಮಿಷ, ಮರುದಿನ ಬೆಳಗಿನ ಹತ್ತು ನಿಮಿಷ ಸಾಕು. ಸಿಹಿಗುಂಬಳದಲ್ಲಿ ನಾನು ಮಾಡುವ ಕ್ರಮವನ್ನು ಹೇಳುತ್ತೇನೆ.

ಸಂಜೆ ಐದೂವರೆಯ ಹೊತ್ತಿಗೆ ಬಳ್ಳಿಯ ಬಳಿಗೆ ಹೋದರೆ ಮರುದಿನ ಅರಳುವ ಮೊಗ್ಗುಗಳು ಬೇರೆಯಾಗಿಯೇ ಕಾಣುತ್ತವೆ: ತುದಿಯ ಹಸಿರು ಹೋಗಿ ಹಳದಿ ಬಂದಿರುತ್ತದೆ, ಎಸಳು ಇನ್ನೂ ಬಿಗಿಯಾಗಿರುತ್ತದೆ. ಬುಡದಲ್ಲಿ ಪುಟ್ಟ ಹೀಚು ಇರುವುದು ಹೆಣ್ಣು, ಬರಿಯ ಉದ್ದ ತೊಟ್ಟಿರುವುದು ಗಂಡು. ಒಂದು ಹೆಣ್ಣು ಮೊಗ್ಗು, ಅದೇ ತಳಿಯ ಬೇರೆ ಬೇರೆ ಬಳ್ಳಿಗಳ ಮೂರು ಗಂಡು ಮೊಗ್ಗುಗಳನ್ನು ಆರಿಸಿ ತುದಿಗಳನ್ನು ಕಟ್ಟುತ್ತೇನೆ. ನೂಲಿನಿಂದ ಎಸಳು ಕತ್ತರಿಸಿಹೋಗುವುದನ್ನು ಕಂಡು, ಹೂ ಕಟ್ಟಲು ನೆನೆಹಾಕಿಟ್ಟ ಬಾಳೆನಾರನ್ನೇ ಬಳಸತೊಡಗಿದೆ; ಅದು ಒದ್ದೆಯಾಗಿದ್ದಾಗ ಮೆತ್ತಗಿದ್ದು, ಒಣಗಿದಂತೆ ಬಿಗಿಯಾಗುತ್ತದೆ. ಕಟ್ಟಿದ ಜಾಗದಲ್ಲಿ ಒಂದು ಕಡ್ಡಿ ನೆಡದಿದ್ದರೆ ಬೆಳಗಿನ ಇಬ್ಬನಿಯಲ್ಲಿ ಎಲೆಗಳ ನಡುವೆ ಅದನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಬೆಳಗ್ಗೆ ಆರೂವರೆಯಿಂದ ಎಂಟರೊಳಗೆ ಕೆಲಸ ಮುಗಿಯಬೇಕು. ಬಿಸಿಲೇರಿದಂತೆ ಹೂವು ಬಾಡುತ್ತದೆ. ಗಂಡು ಹೂಗಳನ್ನು ತೊಟ್ಟಿನೊಡನೆ ಕಿತ್ತು, ಎಸಳು ಸುಲಿದರೆ ಹಳದಿ ಪುಡಿ ಮೆತ್ತಿದ ಕಂಬ ಉಳಿಯುತ್ತದೆ. ಹೆಣ್ಣು ಹೂವಿನ ನಾರನ್ನು ಬಿಚ್ಚಿದ ಕೂಡಲೇ ಎಸಳುಗಳು ತಾವಾಗಿ ತೆರೆದುಕೊಳ್ಳುತ್ತವೆ. ಒಳಗಿನ ಶಲಾಕಾಗ್ರದ ಅಂಟಂಟಾದ ಹೋಳುಗಳಿಗೆಲ್ಲ ಮೂರೂ ಗಂಡು ಹೂಗಳ ಪುಡಿಯನ್ನು ಸವರಿ, ತಡಮಾಡದೆ ಎಸಳುಗಳನ್ನು ಮತ್ತೆ ಕೂಡಿಸಿ ಕಟ್ಟಬೇಕು. ಈ ಅರೆನಿಮಿಷದಲ್ಲಿಯೇ ಜೇನು ಒಳಗೆ ನುಗ್ಗಿಬಿಡುವುದುಂಟು. ಹಾಗಾದರೆ ಆ ಹೂವನ್ನು ಬೀಜದ ಲೆಕ್ಕದಿಂದ ಬಿಟ್ಟು ಇನ್ನೊಂದಕ್ಕೆ ಹೋಗುವುದೇ ಸರಿ. ಕೊನೆಗೆ ತೊಟ್ಟಿಗೆ ಸಡಿಲವಾಗಿ ಕೆಂಪು ದಾರ ಕಟ್ಟುತ್ತೇನೆ. ಕೆಲವೇ ದಿನಗಳಲ್ಲಿ ಹೀಚು ಹಳದಿಯಾಗಿ ಉದುರಿದರೆ ಪರಾಗ ಹಿಡಿಯಲಿಲ್ಲವೆಂದು ತಿಳಿಯಬೇಕು. ಬಳ್ಳಿಯಲ್ಲಿ ಆಗಲೇ ಎರಡು-ಮೂರು ಕಾಯಿಗಳು ದಪ್ಪವಾಗುತ್ತಿದ್ದರೆ ಹೊಸ ಹೀಚನ್ನು ಅದು ಉದುರಿಸಿಬಿಡುವುದರಿಂದ, ಮೊದಲ ಕಾಯಿಗಳನ್ನು ಎಳೆಯದಾಗಿಯೇ ಕೊಯ್ದು ಹುಳಿಗೆ ಹಾಕಿ, ಬಳಿಕ ಈ ಕೆಲಸಕ್ಕೆ ಇಳಿಯಬೇಕು.

ಸೋರೆಯ ಬಿಳಿ ಹೂವೂ ಹೀರೆಯ ಹಳದಿ ಹೂವೂ ಸಂಜೆ ಅರಳುವುದರಿಂದ ಅವುಗಳಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಕಟ್ಟಿ, ಮುಸ್ಸಂಜೆಯಲ್ಲಿ ಪರಾಗ ಸವರಬೇಕು. ತುಪ್ಪದ ಹೀರೆ ಮಾತ್ರ ನಸುಕಿನಲ್ಲೇ ಅರಳುತ್ತದೆ. ಸೌತೆ ಮತ್ತು ಹಾಗಲದ ಹೂಗಳು ಚಿಕ್ಕವಾದ್ದರಿಂದ ಕೈ ನಡುಗದವರಿಗೆ ಒಪ್ಪಿಸುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಅದನ್ನು ಮಗಳು ಮಾಡುತ್ತಾಳೆ.

ಯಾವ ಬಳ್ಳಿ ಯಾವುದರೊಡನೆ ಬೆರೆಯುತ್ತದೆಂಬುದು ಹೆಸರಿನಿಂದ ತಿಳಿಯುವುದಿಲ್ಲ. ಬೂದುಗುಂಬಳವೂ ಸಿಹಿಗುಂಬಳವೂ ಹೆಸರಿನಲ್ಲಿ ಮಾತ್ರ ದಾಯಾದಿಗಳು, ಅವು ಬೆರೆಯುವುದಿಲ್ಲ. ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಕರಬೂಜದ ಜಾತಿಗೆ ಸೇರಿದ್ದು. ಅದು ಹಸಿಯಾಗಿ ತಿನ್ನುವ ಸೌತೆಯೊಡನೆ ಬೆರೆಯದೆ ಕರಬೂಜದೊಡನೆ ಬೆರೆಯುತ್ತದೆ. ಉದ್ದ ಸೋರೆ, ಗುಂಡು ಸೋರೆ, ಬುರುಡೆ ಸೋರೆಗಳೆಲ್ಲ ಒಂದೇ ಜಾತಿಯಾದ್ದರಿಂದ ಸಲೀಸಾಗಿ ಬೆರೆಯುತ್ತವೆ. ಇಲ್ಲಿ ಒಂದು ಅಪಾಯವೂ ಇದೆ: ಕಹಿ ಸೋರೆಯ ಪರಾಗ ತಾಗಿದ ಬೀಜದಿಂದ ಹುಟ್ಟಿದ ಬಳ್ಳಿಯ ಕಾಯಿ ಕಹಿಯಾಗಬಹುದು, ಕಹಿ ಸೋರೆ ವಿಷಕಾರಿ. ಮನೆಯ ಬೀಜದ ಸೋರೆಯನ್ನು ಅಡುಗೆಗೆ ಹಚ್ಚುವ ಮೊದಲು ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯೆನಿಸಿದರೆ ಉಗುಳಿ ಕಾಯಿಯನ್ನು ಎಸೆದುಬಿಡಬೇಕು, ಆ ಬಳ್ಳಿಯನ್ನೂ ಕೀಳಬೇಕು.

ವರ್ಷದ ಸರದಿ, ಮನೆಗಳ ಹಂಚಿಕೆ

ಸೊಪ್ಪು ಮತ್ತು ಮೂಲಂಗಿಯನ್ನು ಹೂವಾಗುವ ಮೊದಲೇ ತಿನ್ನುವುದರಿಂದ ಎಷ್ಟು ತಳಿ ಬೆಳೆದರೂ ತೊಂದರೆಯಿಲ್ಲ. ಒಂದು ವರ್ಷಕ್ಕೆ ಒಂದೇ ತಳಿಯನ್ನು ಹೂವಿಗೆ ಬಿಟ್ಟರಾಯಿತು. ಈ ವರ್ಷ ಕೆಂಪು ಹರಿವೆ ಬೀಜಕ್ಕೆ, ಮುಂದಿನ ವರ್ಷ ಹಸಿರು ದಂಟು. ಮೂಲಂಗಿಯಲ್ಲಿ ಒಂದೆರಡು ಗಿಡ ಬಿಟ್ಟರೆ ಸಾಲದು, ಕಡಿಮೆಯೆಂದರೂ ಇಪ್ಪತ್ತು-ಮೂವತ್ತನ್ನು ಒಟ್ಟಿಗೆ ಹೂವಿಗೆ ಬಿಡಬೇಕು. ಚೆನ್ನಾಗಿ ಒಣಗಿಸಿ, ತೇವ ತಾಗದಂತೆ ಗಾಜಿನ ಭರಣಿಯಲ್ಲಿಟ್ಟ ಕುಂಬಳ, ಸೌತೆ, ಬದನೆ, ಟೊಮೇಟೊ ಬೀಜಗಳು ಮೂರು-ನಾಲ್ಕು ವರ್ಷ ಮೊಳೆಯುವ ಶಕ್ತಿ ಉಳಿಸಿಕೊಳ್ಳುವುದರಿಂದ ಅವುಗಳಿಗೂ ಸರದಿ ಸಾಧ್ಯ. ಮೆಣಸಿನಕಾಯಿ ಮತ್ತು ಬೆಂಡೆಗೆ ಎರಡು ವರ್ಷಕ್ಕಿಂತ ಹೆಚ್ಚು ನಂಬುವಂತಿಲ್ಲ, ಈರುಳ್ಳಿಗೆ ಒಂದೇ ವರ್ಷ. ಮಲೆನಾಡಿನ ತೇವದಲ್ಲಿ ಮಳೆಗಾಲಕ್ಕೆ ಮುಂಚೆ ಭರಣಿಯ ಬಾಯಿ ಬಿಗಿಯದಿದ್ದರೆ ಈ ಲೆಕ್ಕವೂ ನಿಲ್ಲದು.

ಕೈಯಿಂದ ಪರಾಗಸ್ಪರ್ಶ ಮಾಡುವ ತಾಳ್ಮೆಯಿಲ್ಲದವರಿಗೆ ನಾನು ಹೇಳುವುದು ಮನೆಗಳ ನಡುವಿನ ಹಂಚಿಕೆಯನ್ನು. ಉಡುಪಿ ಬಳಿಯ ಮಟ್ಟು ಗ್ರಾಮದ ರೈತರು ಮಟ್ಟುಗುಳ್ಳ ಬದನೆಯನ್ನು ಊರಿನ ಬೆಳೆಯಾಗಿ ಉಳಿಸಿಕೊಂಡು ಬಂದಿದ್ದಾರೆ, ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಅಕ್ಕಪಕ್ಕದ ಮನೆಗಳೆಲ್ಲ ಒಂದೇ ತಳಿಯನ್ನು ಬೆಳೆದರೆ ಜೇನು ಎತ್ತ ಹಾರಿದರೂ ಹಾನಿಯಿಲ್ಲ. ಇಡೀ ಊರನ್ನು ಒಪ್ಪಿಸುವುದು ಕಷ್ಟವಾದರೂ, ಬೇರೆ ಬೇರೆ ಊರುಗಳಲ್ಲಿರುವ ನೆಂಟರಿಷ್ಟರು ತಳಿಗೊಂದು ಮನೆಯಂತೆ ಹಂಚಿಕೊಂಡು, ಬೀಜವನ್ನು ವಿನಿಮಯ ಮಾಡಿಕೊಳ್ಳುವುದು ಕಷ್ಟವಲ್ಲ. ನಮ್ಮ ಅಮ್ಮನ ಕುಂಬಳ ಮತ್ತೆ ಸಿಕ್ಕಿದ್ದು ಹಾಗೆಯೇ. ಮದುವೆಯಾಗಿ ತರೀಕೆರೆ ಕಡೆಗೆ ಹೋದ ಅಕ್ಕ ತವರಿನಿಂದ ಒಯ್ದ ಬೀಜವನ್ನು ತೋಟದ ಮನೆಯಲ್ಲಿ ಹಾಕಿಕೊಂಡು ಬಂದಿದ್ದಳು. ಸುತ್ತ ಅಡಿಕೆ ತೋಟವಿದ್ದು, ಬೇರೆ ಕುಂಬಳದ ಬಳ್ಳಿ ಹತ್ತಿರದಲ್ಲಿ ಇರಲಿಲ್ಲ. ಅವಳು ಕೊಟ್ಟ ಹನ್ನೆರಡು ಬೀಜಗಳಲ್ಲಿ ಒಂಬತ್ತು ಮೊಳೆತವು, ಆ ವರ್ಷದಿಂದ ನಾನು ಬಾಳೆನಾರು ಹಿಡಿದು ಸಂಜೆ ಬಳ್ಳಿಯ ಬಳಿಗೆ ಹೋಗುವುದನ್ನು ತಪ್ಪಿಸಿಲ್ಲ.

ಆರಿಸಿದ ದಾರಿ ಫಲಿಸಿತೇ ಎಂದು ತಿಳಿಯುವ ಬಗೆ

ಬೀಜವನ್ನು ನೋಡಿ ಬೆರಕೆಯನ್ನು ಗುರುತಿಸಲಾಗದು, ಗಿಡ ಮಾಡಿಯೇ ನೋಡಬೇಕು. ಹೊಸ ಬೀಜದಿಂದ ಐದಾರು ಸಸಿ ಎಬ್ಬಿಸಿ, ಎಲೆಯ ಆಕಾರ, ಕಾಂಡದ ಬಣ್ಣ, ಹೂವಿನ ಬಣ್ಣಗಳನ್ನು ಗಮನಿಸುತ್ತಾ ಬರಬೇಕು. ಬದನೆಯಲ್ಲಿ ಕಾಂಡದ ನೇರಳೆ ಛಾಯೆ ಮತ್ತು ಮುಳ್ಳು, ಅವರೆಯಲ್ಲಿ ಹೂವಿನ ಬಿಳಿ ಅಥವಾ ನೇರಳೆ, ಇವು ಬೇಗ ಸುಳಿವು ಕೊಡುತ್ತವೆ. ತಳಿಯ ಗುಣಕ್ಕೆ ಹೊಂದದ ಸಸಿಯನ್ನು ಹೂ ಬಿಡುವ ಮೊದಲೇ ಕಿತ್ತುಹಾಕಬೇಕು, ಅದನ್ನು ಉಳಿಸಿದರೆ ಅದರ ಪರಾಗವೇ ಉಳಿದವನ್ನು ಕೆಡಿಸುತ್ತದೆ. ಬಳ್ಳಿಗಳಲ್ಲಿ ಕಾಯಿ ಬರುವವರೆಗೆ ಖಚಿತವಾಗಿ ಏನೂ ತಿಳಿಯದಾದ್ದರಿಂದ, ಹಳೆಯ ಬೀಜದ ಅರ್ಧವನ್ನು ಭರಣಿಯಲ್ಲಿ ವರ್ಷದ ಹೆಸರು ಬರೆದು ಇಟ್ಟು, ಹೊಸ ಬೀಜದ ಬಳ್ಳಿಯಲ್ಲಿ ತಾಯಿಯಂಥ ಕಾಯಿ ಬಲಿತು ಅಟ್ಟಕ್ಕೇರಿದ ಮೇಲೆಯೇ ಆ ಭರಣಿಯನ್ನು ಬರಿದು ಮಾಡಬೇಕು.